ಒಂದು ಪ್ರತಿ ನಮ್ಮ ಮನೆಯಲ್ಲೂ ಇರಲಿ
(ಕಿದ್ವಾಯಿ ನಗರದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)

ಕಂಪ್ಯೂಟರ್ ಅಂದ ಕೂಡಲೇ ಹಿಂದಿನ ಸಾಲಿನವರು ಕಾಫಿ ಕಡೆ ನೋಡಿದ್ದು ಕಾಣಿಸಿತು. ಹತ್ತೇ ನಿಮಿಷ.

ಪೂರ್ವ ಕಿದ್ವಾಯಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸ್ ಕೆಡವುವಾಗ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ನಮ್ಮತ್ತೆಯವರ ಹಾಡಿನ ನೋಟ್‌ಬುಕ್ ಕಳೆದುಹೋಯಿತು. ಆರತಿ ಹಾಡು, ಬೀಗರ ಹಾಡು ಎಲ್ಲ ಅದರಲ್ಲೇ. ಇದ್ದದ್ದು ಅದೊಂದೇ ಪ್ರತಿ. ಆ ಸಂಕಟದಿಂದಲೇ ನಾವೀಗ ನಿಮ್ಮೆಲ್ಲರ ಹಾಡುಗಳನ್ನು ಟೈಪ್ ಮಾಡಿ ಗಿಟ್‌ಹಬ್‌ನಲ್ಲಿ ಇಡುತ್ತಿರುವುದು.

ಗಿಟ್ ಅನ್ನು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕಾಗಿ ಬರೆದರು. ಪ್ರೋಗ್ರಾಂ ಬರೆಯುವವರ ಸಾಧನ, ನಿಜ. ಆದರೆ ಅದಕ್ಕೆ ಕೋಡೂ ಒಂದೇ, ಸೋಬಾನೆಯೂ ಒಂದೇ. ದೂರದ ಸರ್ವರ್‌ನಲ್ಲಿರುವ ಭಂಡಾರವನ್ನು ನಮ್ಮ ಲ್ಯಾಪ್‌ಟಾಪಿಗೆ ಇಳಿಸುವುದಕ್ಕೆ ಕ್ಲೋನ್ ಅನ್ನುತ್ತಾರೆ. ಮೊದಲು ಗಿಟ್ ಇನ್‌ಸ್ಟಾಲ್ ಮಾಡಿ. ಪುಟದಲ್ಲಿ ಹಸಿರು ಬಣ್ಣದ 'ಕೋಡ್' ಗುಂಡಿ ಒತ್ತಿ ವಿಳಾಸ ಕಾಪಿ ಮಾಡಿ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಚಿಕ್ಕಕ್ಷರದಲ್ಲಿ 'ಗಿಟ್ ಕ್ಲೋನ್' ಎಂದು ಬರೆದು, ಜಾಗ ಬಿಟ್ಟು, ವಿಳಾಸ ಅಂಟಿಸಿ ಎಂಟರ್ ಒತ್ತಿ. ಹೊಸ ಫೋಲ್ಡರ್ ಬಂದಿರುತ್ತದೆ. ಸಾರ್ವಜನಿಕ ಭಂಡಾರಕ್ಕೆ ಖಾತೆಯೂ ಬೇಡ. ಖಾಸಗಿಯಾದರೆ ಪಾಸ್‌ವರ್ಡ್ ನಡೆಯುವುದಿಲ್ಲ, 2021ರ ಆಗಸ್ಟ್‌ನಿಂದ ಗಿಟ್‌ಹಬ್ ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ಕೇಳುತ್ತದೆ.

"ಅಲ್ಲೇ ಜಿಪ್ ಇಳಿಸುವ ಗುಂಡಿ ಇದೆಯಲ್ಲ?" ಅಂತ ಒಬ್ಬರು ಕೇಳಿದರು. ಜಿಪ್‌ನಲ್ಲಿ ಬರುವುದು ಇವತ್ತಿನ ಪ್ರತಿ ಮಾತ್ರ. ಕ್ಲೋನ್‌ನಲ್ಲಿ ಪೂರ್ತಿ ಚರಿತ್ರೆ ಬರುತ್ತದೆ: ಯಾರು, ಯಾವಾಗ, ಯಾವ ಸಾಲು ತಿದ್ದಿದರು ಅಂತ. ಧಾರವಾಡದವರು ಹಾಡಿದ್ದನ್ನು ಮೈಸೂರಿನವರು 'ಸರಿಪಡಿಸಿದರೆ' ಹಳೆಯ ಪಾಠವೂ ಉಳಿದಿರುತ್ತದೆ. (ಈ ಜಗಳ ನಮ್ಮಲ್ಲಿ ಎರಡು ಸಲ ಆಗಿದೆ, ಹೆಸರು ಹೇಳುವುದಿಲ್ಲ.) ಆಮೇಲೆ 'ಗಿಟ್ ಪುಲ್' ಅಂದರೆ ಹೊಸದಾಗಿ ಸೇರಿದ್ದಷ್ಟೇ ಇಳಿಯುತ್ತದೆ. ನಾಳೆ ಸರ್ವರ್ ಹೋದರೂ ನಿಮ್ಮ ಮನೆಯ ಪ್ರತಿಯಿಂದ ಮತ್ತೆ ಕಟ್ಟಬಹುದು.

ಈ ಗುಣವೇ ನನ್ನನ್ನು ಪೇಚಿಗೆ ಸಿಕ್ಕಿಸಿತು. ಶುರುವಿನಲ್ಲಿ ಪ್ರತಿ ಹಾಡಿನ ಕೆಳಗೆ ಹಾಡಿದವರ ಫೋನ್ ನಂಬರ್ ಹಾಕಿದ್ದೆ. ಭಂಡಾರ ಎಲ್ಲರಿಗೂ ತೆರೆದಿತ್ತು. ಮರುದಿನ ಹೊಳೆಯಿತು, ಅಳಿಸಿದೆ, ನಿಶ್ಚಿಂತೆಯಾಗಿ ಮಲಗಿದೆ. ವಾರದ ನಂತರ ನನ್ನ ಮಗಳು ಕ್ಲೋನ್ ಮಾಡಿಕೊಂಡು, "ಅಮ್ಮಾ, ನಂಬರೆಲ್ಲ ಇಲ್ಲೇ ಇದೆ" ಅಂದಳು. ಅಳಿಸಿದ್ದು ಇವತ್ತಿನ ಪುಟದಿಂದ, ಚರಿತ್ರೆಯಿಂದಲ್ಲ! ಆ ಚರಿತ್ರೆಯನ್ನೇ ತಿದ್ದಿ ಬರೆಯುವ ಉಪಾಯವಿದೆ, ಮಾಡಿದೆವು. ಆದರೆ ಅಷ್ಟರಲ್ಲಿ ಯಾರಾದರೂ ಕ್ಲೋನ್ ಮಾಡಿದ್ದರೆ ಅದನ್ನು ವಾಪಸ್ ತರಲಾಗದು. ಆ ಹನ್ನೊಂದು ಜನರಿಗೂ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

ಈಗ ಹೆಸರು ಒಪ್ಪಿಗೆ ಪಡೆದು ಮಾತ್ರ, ನಂಬರ್ ಇಲ್ಲವೇ ಇಲ್ಲ. ಲ್ಯಾಪ್‌ಟಾಪ್ ತಂದವರು ಕಾಫಿ ಆದಮೇಲೆ ಈ ಮೇಜಿನ ಹತ್ತಿರ ಬನ್ನಿ, ಇಲ್ಲೇ ಕ್ಲೋನ್ ಮಾಡೋಣ.