ಬಾಲವನದ ಮನೆಯೊಳಗಿನ ಕಾರಂತರು

(ಕುಂಬ್ರದಲ್ಲಿ ಆಡಿದ ಮಾತಿನ ಬರಹ ರೂಪ)



ಕುಂಬ್ರದಲ್ಲಿ ಬಸ್ಸು ಹತ್ತಿದರೆ ಪುತ್ತೂರು ಪೇಟೆಗೆ ಹೆಚ್ಚು ಹೊತ್ತು ಬೇಡ. ಅಲ್ಲಿಂದ ಪರ್ಲಡ್ಕದ ಬಾಲವನವೂ ದೂರವಲ್ಲ. ನಿಮ್ಮಲ್ಲಿ ಹಲವರು ಶಾಲೆಯ ದಿನಗಳಲ್ಲಿ ಅಲ್ಲಿಗೆ ಹೋದವರೇ ಇರಬೇಕು. ಹಾಗೆ ಹೋದವರಿಗೆ ‘ಇದು ಡಾ. ಶಿವರಾಮ ಕಾರಂತರು ಬಾಳಿದ ಮನೆ’ ಎಂದು ತೋರಿಸುತ್ತಾರೆ. ಆದರೆ ಆ ಮನೆಯಲ್ಲಿ ಬಾಳಿದವರು ಅವರೊಬ್ಬರೇ ಅಲ್ಲ. ಇವತ್ತು ನಾನು ಆಡಬೇಕೆಂದಿರುವುದು ಆ ಉಳಿದವರ ಮಾತನ್ನು.

ಕಾರಂತರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಬೆಳ್ಳಿಗೂದಲಿನ, ಗಂಟುಮುಖದ ಹಿರಿಯರು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರು. ಕೈಗಾ ಅಣುಸ್ಥಾವರ ಬೇಡವೆಂದು ಹಟ ಹಿಡಿದು, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತು ಸೋತವರು. ಸಭೆಯಲ್ಲಿ ಅವರ ಎದುರು ಬಾಯಿಬಿಡಲು ದೊಡ್ಡವರೂ ಅಂಜುತ್ತಿದ್ದರು. ಇದೆಲ್ಲ ಸುಳ್ಳಲ್ಲ. ಆದರೆ ಇದೇ ಮನುಷ್ಯನನ್ನು ನಾಡಿನ ಮಕ್ಕಳು ‘ಕಾರಂತಜ್ಜ’ ಎಂದು ಕರೆದರು, ಕಾಗದ ಬರೆದರು, ಉತ್ತರವನ್ನೂ ಪಡೆದರು. ದೊಡ್ಡವರು ಹೆದರುವವರ ಬಳಿಗೆ ಮಕ್ಕಳು ಓಡಿ ಹೋಗುತ್ತಾರೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲವೆ?

ಆ ಕಾರಣ ಬಾಲವನದಲ್ಲಿದೆ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಪುತ್ತೂರಿಗೆ ಬಂದು ನೆಲೆಸಿ, ಇಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಮಕ್ಕಳು ಬಾಯಿಪಾಠದಿಂದ ಕಲಿಯಬಾರದು. ಆಟದಿಂದ, ಹಾಡು ಕುಣಿತದಿಂದ, ಗಿಡಮರಗಳ ನಡುವಿನ ಓಡಾಟದಿಂದ ಕಲಿಯಬೇಕು ಎಂಬುದು ಅವರ ನಂಬಿಕೆ. ಅದನ್ನು ಹೇಳಿ ಸುಮ್ಮನಾಗಲಿಲ್ಲ. ತಾವೇ ಗೆಜ್ಜೆ ಕಟ್ಟಿ ಕುಣಿದರು, ಮಕ್ಕಳನ್ನು ಕುಣಿಸಿದರು, ನಾಟಕ ಆಡಿಸಿದರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಕುಳಿತು ಬರೆದರು. ಮಗುವಿನ ಪ್ರಶ್ನೆಯನ್ನು ತನ್ನ ಪ್ರಶ್ನೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳದವನಿಂದ ಆಗುವ ಕೆಲಸವಲ್ಲ ಅದು.

ಅವರಿಗೆ ಲೀಲಾ ಆಳ್ವರ ಪರಿಚಯವಾದದ್ದೂ ಇಂಥ ಕುಣಿತ, ನಾಟಕಗಳ ನಡುವೆಯೇ. ಕಾರಂತರು ನೃತ್ಯ ಕಲಿಸಿ ನಾಟಕ ಆಡಿಸುತ್ತಿದ್ದ ಶಾಲೆಯಲ್ಲಿ ಲೀಲಾ ವಿದ್ಯಾರ್ಥಿನಿ. 1936ರ ಮೇ 6ರಂದು ಮದುವೆ. ಕೋಟದ ಬ್ರಾಹ್ಮಣರ ಹುಡುಗ, ಬಂಟರ ಹುಡುಗಿ. ಇಂದಿಗೂ ಇಂಥ ಮದುವೆಗೆ ಹುಬ್ಬೇರಿಸುವವರು ನಮ್ಮ ನಡುವೆ ಇದ್ದಾರೆ. ಅಂದಿನ ಊರಿನ ಬಾಯಿ ಹೇಗಿದ್ದೀತೆಂದು ನೀವೇ ಊಹಿಸಿ. ಕೊಂಕು, ಕುಹಕ ಎರಡನ್ನೂ ಆ ದಂಪತಿ ಉಂಡರು.

ಲೀಲಾ ಅವರ ಮನೆಮಾತು ತುಳು ಮತ್ತು ಮರಾಠಿ. ಮೊದಲ ಓದು ಮರಾಠಿ ಶಾಲೆಯಲ್ಲಿ. ನಮ್ಮ ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಕನ್ನಡದ ಕಿವಿಗೆ ಎಲ್ಲವೂ ತಿರುವುಮುರುವು! ಅಂಥ ಮಾತಿನ ಮನೆಯಿಂದ ಬಂದವರು ಮದುವೆಯಾದ ಮೇಲೆ ಕನ್ನಡ ಕಲಿತರು. ಬರಿಯ ಮಾತಾಡುವಷ್ಟಲ್ಲ, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ತರುವಷ್ಟು. ಗಂಡನ ಗೀತನಾಟಕಗಳಲ್ಲಿ ಕುಣಿದರು. ಹರ್ಷ, ಮಾಲವಿಕಾ, ಉಲ್ಲಾಸ, ಕ್ಷಮಾ ಎಂಬ ನಾಲ್ವರು ಮಕ್ಕಳನ್ನು ಬೆಳೆಸಿದರು. ಹೆಸರುಗಳನ್ನೇ ನೋಡಿ: ಹರ್ಷ, ಉಲ್ಲಾಸ. ದೇವರ ಹೆಸರಿಡುವ ಊರಿನಲ್ಲಿ ಸಂತೋಷದ ಹೆಸರಿಟ್ಟರು. ಕಾರಂತರು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಹೊರತಂದಾಗ ಅವುಗಳ ಮೇಲಿದ್ದುದೂ ಹಿರಿಯ ಮಗನ ಹೆಸರೇ: ‘ಹರ್ಷ’.

ಆ ಹರ್ಷನನ್ನೇ ಅವರು ಕಳೆದುಕೊಂಡರು. ಸತ್ತ ಮಗುವನ್ನು ಹೊತ್ತು ಅಲೆದ ಕಿಸಾಗೋತಮಿಯ ಕಥೆಯನ್ನು ಕಾರಂತರು ಗೀತನಾಟಕ ಮಾಡಿದ್ದವರು. ಸಾವಿಲ್ಲದ ಮನೆಯ ಸಾಸಿವೆ ಎಲ್ಲೂ ಸಿಗದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೆ ನೋವು ಕಡಿಮೆಯಾಗುತ್ತದೆಯೆ? ಲೀಲಾ ಆ ದುಃಖದಿಂದ ಮನಸ್ಸು ಕುಸಿದು ಕಾಯಿಲೆ ಬಿದ್ದರು. ಮಗ ಕಣ್ಣೆದುರು ಬಂದು ನಿಂತಂತೆ ಕಾಣುತ್ತಿತ್ತು. 1974ರಲ್ಲಿ ಕುಟುಂಬ ಪುತ್ತೂರು ಬಿಟ್ಟು ಕೋಟದ ಪಕ್ಕದ ಸಾಲಿಗ್ರಾಮಕ್ಕೆ ಹೋಯಿತು. 1977ರ ಜ್ಞಾನಪೀಠ ಪ್ರಶಸ್ತಿ ಬಂದಾಗ ನಾವೆಲ್ಲ ಕಂಡದ್ದು ಹಾರವನ್ನು. ಆ ಮನೆಯ ಒಳಗಿದ್ದ ಭಾರವನ್ನಲ್ಲ. 1986ರಲ್ಲಿ ಲೀಲಾ ತೀರಿಕೊಂಡರು. ಕಾರಂತರ ಕೊನೆಯ ಕಾದಂಬರಿ ಬಂದದ್ದೂ ಅದೇ ವರ್ಷ. ಆಮೇಲೆ ಅವರು ಹನ್ನೊಂದು ವರ್ಷ ಬದುಕಿದರು, ಬರೆಯುತ್ತಲೂ ಇದ್ದರು. ಕಾದಂಬರಿಯನ್ನು ಮಾತ್ರ ಮತ್ತೆ ಬರೆಯಲಿಲ್ಲ. ಇದಕ್ಕೂ ಅದಕ್ಕೂ ನಂಟಿದೆಯೆಂದು ನಾನು ಹೇಳಲಾರೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಇರಲಾರೆ.

1960ರಲ್ಲಿ ಕಾರಂತರು ‘ಅಳಿದ ಮೇಲೆ’ ಎಂಬ ಕಾದಂಬರಿ ಬರೆದರು. ಸತ್ತುಹೋದ ಯಶವಂತರಾಯನೆಂಬವನ ದಿನಚರಿಯನ್ನು ಹಿಡಿದು, ಅವನನ್ನು ಬಲ್ಲವರನ್ನು ಹುಡುಕಿಕೊಂಡು ಲೇಖಕ ಊರೂರು ತಿರುಗುತ್ತಾನೆ. ಒಬ್ಬೊಬ್ಬರ ಬಾಯಲ್ಲಿ ಒಬ್ಬೊಬ್ಬ ಯಶವಂತರಾಯ. 1997ರ ಡಿಸೆಂಬರ್ 9ರಂದು ಕಾರಂತರೂ ಅಳಿದರು. ಅವರ ಕುರಿತು ಪಂಡಿತರು ಬರೆದರು, ಶಿಷ್ಯರು ಬರೆದರು, ಜಗಳವಾಡಿದವರೂ ಬರೆದರು. ಮನೆಯ ಸಾಕ್ಷಿ ಪುಸ್ತಕವಾಗಿ ಬಂದದ್ದು 2021ರಲ್ಲಿ. ಮನಶ್ಶಾಸ್ತ್ರಜ್ಞೆ ಮಾಲವಿಕಾ, ಹುಲಿಗಳ ಅಧ್ಯಯನಕ್ಕೆ ಹೆಸರಾದ ಉಲ್ಲಾಸ, ನೃತ್ಯ ಕಲಾವಿದೆ ಕ್ಷಮಾ, ಈ ಮೂವರೂ ಸೇರಿ ಇಂಗ್ಲಿಷಿನಲ್ಲಿ ಅದನ್ನು ಬರೆದರು. ಅಪ್ಪನ ಬಗ್ಗೆ ಬರೆಯಹೊರಟ ಮಕ್ಕಳು ಅಮ್ಮ ಅವರನ್ನು ಹೇಗೆ ರೂಪಿಸಿದಳೆಂಬುದನ್ನೂ ಬರೆದರು. ಮನಸ್ಸು, ಕಾಡು, ಕುಣಿತ: ಮಕ್ಕಳು ಹಿಡಿದ ಈ ಮೂರು ದಾರಿಗಳೂ ಬಾಲವನದ ಅಂಗಳದಿಂದಲೇ ಹೊರಟವು ಎಂದು ನನಗನ್ನಿಸುತ್ತದೆ. ತಂದೆಯೂ ತಮ್ಮ ತೊಂಬತ್ತೈದರ ಇಳಿವಯಸ್ಸಿನಲ್ಲಿ ಬರೆದದ್ದು ಹಕ್ಕಿಗಳ ಕುರಿತ ಪುಸ್ತಕವನ್ನು!

ಒಬ್ಬ ಮನುಷ್ಯ ಊರಿಗೆ ಏನಾಗಿದ್ದ ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸಬಹುದು. ಮನೆಗೆ ಏನಾಗಿದ್ದ ಎಂಬುದನ್ನು ಮನೆಯವರೇ ಹೇಳಬೇಕು. ನಿಮ್ಮ ಮನೆಗಳಲ್ಲೂ ಹೊರಗೆ ಗುಡುಗಿ ಒಳಗೆ ಮಕ್ಕಳ ಜತೆ ಆಡಿದ ಅಜ್ಜಂದಿರು, ಅವರನ್ನು ಸಂಭಾಳಿಸಿದ ಅಜ್ಜಿಯಂದಿರು ಇದ್ದಾರೆ. ಅವರನ್ನು ಕೇಳಿ, ಬರೆದಿಡಿ. ಅಳಿದ ಮೇಲೆ ಊರೂರು ತಿರುಗುವುದಕ್ಕಿಂತ, ಇರುವಾಗಲೇ ಜಗಲಿಯಲ್ಲಿ ಪಕ್ಕಕ್ಕೆ ಕುಳಿತು ಕೇಳುವುದು ಸುಲಭ.