ಬಿ.ಎಸ್ಸಿ. ತರಗತಿಯ ಹೊಸ್ತಿಲು

(ಸಂಘದ ಶಿಕ್ಷಣ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಮುಂಬಯಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ರಸಾಯನಶಾಸ್ತ್ರವನ್ನು ಕಲಿಸಿದವನು ನಾನು. ಪದವಿ ತರಗತಿಯ ವಿಜ್ಞಾನ ಎಲ್ಲ ಬಗೆಯ ವಿದ್ಯಾರ್ಥಿಗಳಿಗೂ ಎಟುಕುವಂತೆ ಮಾಡುವುದು ಹೇಗೆಂದು ಹೇಳಲು ನನ್ನನ್ನು ಕರೆದಿದ್ದೀರಿ. ಉಪದೇಶಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಬಹಳ ವರ್ಷಗಳ ಹಿಂದಿನ ಮಾತು. ಹಗಲು ಕ್ಯಾಂಟೀನಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಎಸ್.ಎಸ್.ಸಿ. ಮುಗಿಸಿ, ಹೇಗೋ ಹನ್ನೆರಡನೆಯ ತರಗತಿಯನ್ನೂ ದಾಟಿ ಬಂದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಪ್ರಾಯೋಗಿಕ ಪರೀಕ್ಷೆಯ ಮೌಖಿಕದಲ್ಲಿ ನಾನು ಇಂಗ್ಲಿಷಿನಲ್ಲಿ ಕೇಳಿದೆ: ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲವೋ ದುರ್ಬಲವೋ? ಅವನು ಬಾಯಿ ಬಿಡಲಿಲ್ಲ. ನಾನು ಸೊನ್ನೆ ಹಾಕಿ ಮುಂದಿನವನನ್ನು ಕರೆದೆ. ಸಂಜೆ ಮೆಟ್ಟಿಲ ಬಳಿ ಕಾದು ನಿಂತಿದ್ದವನು ಕನ್ನಡದಲ್ಲಿ ಹೇಳಿದ: "ಸರ್, ನೀರು ಹಾಕಿದರೆ ಸಾರ ಕಡಿಮೆಯಾಗ್ತದೆ, ಬಲ ಕಡಿಮೆಯಾಗುವುದಿಲ್ಲ ಅಲ್ವಾ?"

ಆ ದಿನ ನನ್ನ ಪ್ರಶ್ನೆಗೆ ಉತ್ತರಿಸಿದ ಹಲವರು 'ದುರ್ಬಲ' ಎಂದಿದ್ದರು. ನೀರು ಬೆರೆಸಿದ ಚಹಾವನ್ನು ಇಂಗ್ಲಿಷಿನಲ್ಲಿ 'ವೀಕ್' ಎನ್ನುತ್ತೇವಲ್ಲ, ಆ ರೂಢಿಯ ಮಾತು ಅವರನ್ನು ದಾರಿ ತಪ್ಪಿಸಿತ್ತು. ಆಮ್ಲದ ಬಲವೆಂದರೆ ಅದರ ಅಣುಗಳು ನೀರಿನಲ್ಲಿ ಎಷ್ಟರಮಟ್ಟಿಗೆ ಅಯಾನುಗಳಾಗಿ ಒಡೆಯುತ್ತವೆ ಎಂಬುದು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಎಷ್ಟು ನೀರು ಸುರಿದರೂ ಅದು ಪ್ರಬಲವೇ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಎಷ್ಟು ಸಾಂದ್ರವಾದರೂ ದುರ್ಬಲವೇ. ನಮ್ಮ ಶಾಲಾಪುಸ್ತಕದ 'ಸಾರರಿಕ್ತ' ಎಂಬ ಪದ ಸಾರವೇ ಬೇರೆ, ಬಲವೇ ಬೇರೆ ಎಂಬುದನ್ನು ತನ್ನೊಳಗೇ ಇಟ್ಟುಕೊಂಡಿದೆ. ಕನ್ನಡದಲ್ಲಿ ಕಲಿತದ್ದು ಅವನಿಗೆ ಕೊರತೆಯಾಗಿರಲಿಲ್ಲ, ಬಂಡವಾಳವಾಗಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಅಂಕಪಟ್ಟಿ ಕಚೇರಿ ಸೇರಿತ್ತು. ತಿದ್ದಿಸಬಹುದಿತ್ತು, ನಾನು ಆ ಗೋಜಿಗೆ ಹೋಗಲಿಲ್ಲ. ಮರುವರ್ಷ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ.

ಭಾಷೆಯ ಈ ತೊಡಕನ್ನು ಮೊದಲು ಕಂಡವನು ನಾನೇನಲ್ಲ. ಇದೇ ನಗರದಲ್ಲಿ 1974ರಲ್ಲಿ ಆರಂಭವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ವಿ.ಜಿ. ಕುಲಕರ್ಣಿಯವರ ನೇತೃತ್ವದಲ್ಲಿ ಮಹಾನಗರಪಾಲಿಕೆಯ ಶಾಲೆಗಳ ಪರಿಶಿಷ್ಟ ಜಾತಿಯ ಮಕ್ಕಳೊಂದಿಗೆ ಕೆಲಸ ಮಾಡಿ, ಮಕ್ಕಳ ಬುದ್ಧಿಗಿಂತ ಪುಸ್ತಕದ ಭಾಷೆಯೇ ಅನೇಕ ಕಡೆ ಅಡ್ಡಗೋಡೆಯಾಗಿದೆಯೆಂದು ತೋರಿಸಿಕೊಟ್ಟರು. ಅದು ಶಾಲೆಯ ಮಟ್ಟದ ಕೆಲಸ. ಕಾಲೇಜಿನವರಾದ ನಾವು ಅದು ನಮಗೆ ಸಂಬಂಧಿಸಿದ್ದಲ್ಲವೆಂದು ಕುಳಿತೆವು. 2021ರಲ್ಲಿ ಎಂಜಿನಿಯರಿಂಗನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬೋಧಿಸಲು ಅನುಮತಿ ದೊರೆತಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಹೊರನಾಡಿನ ನಮ್ಮ ಮಕ್ಕಳಿಗೆ ಅದರಿಂದ ಆಗುವ ಪ್ರಯೋಜನ ಅಲ್ಪ. ಮನೆಯಲ್ಲಿ ತುಳುವೋ ಕನ್ನಡವೋ, ಬೀದಿಯಲ್ಲಿ ಮರಾಠಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಇವರಿಗಾಗಿ ಯಾವ ವಿಶ್ವವಿದ್ಯಾಲಯವೂ ಮುಂಬಯಿಯಲ್ಲಿ ಕನ್ನಡದ ಬಿ.ಎಸ್ಸಿ. ತೆರೆಯುವುದಿಲ್ಲ, ತೆರೆಯಬೇಕೆಂದು ನಾನು ಕೇಳುವುದೂ ಇಲ್ಲ. ನಾನು ಕೇಳುವುದಿಷ್ಟೆ: ಮೊದಲ ವರ್ಷದಲ್ಲಿ ಪಾರಿಭಾಷಿಕ ಪದಗಳು ಎರಡು ಭಾಷೆಗಳಲ್ಲಿ ದೊರೆಯಲಿ, ಮೌಖಿಕದಲ್ಲಿ ವಿದ್ಯಾರ್ಥಿ ತನಗೆ ಬಂದ ಭಾಷೆಯಲ್ಲಿ ಉತ್ತರಿಸಲಿ. ಮುಂಬಯಿಯ ಅಧ್ಯಾಪಕರ ಕೊಠಡಿಯಲ್ಲಿ ನಾಲ್ಕೈದು ಭಾಷೆ ಬಲ್ಲವರಿಗೆ ಬರವಿಲ್ಲ.

ಭಾಷೆಯೊಂದೇ ಅಡ್ಡಿಯಲ್ಲ. ಅಂಶಮಾಪನೆಯ ಪ್ರಯೋಗದಲ್ಲಿ ಮೀಥೈಲ್ ಆರೆಂಜ್ ಹಳದಿಯಿಂದ ಕೆಂಪಿಗೆ ತಿರುಗುವ ಕ್ಷಣವನ್ನು ಹಿಡಿಯಬೇಕು. ಜ್ವಾಲಾ ಪರೀಕ್ಷೆಯಲ್ಲಿ ಸ್ಟ್ರಾನ್ಷಿಯಂ ಕಡುಗೆಂಪು, ಬೇರಿಯಂ ಎಳೆಹಸಿರು. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಳ್ಳ ಹುಡುಗ ಇಲ್ಲಿ ಏನು ಮಾಡಬೇಕು? ವರ್ಣಾಂಧತೆ ಗಂಡುಮಕ್ಕಳಲ್ಲಿ ಅಪರೂಪವೇನಲ್ಲ. ಬಹಳ ಮಂದಿಗೆ ತಮಗೆ ಅದಿದೆಯೆಂಬುದೂ ತಿಳಿದಿರುವುದಿಲ್ಲ. ನಾವು ಅದನ್ನು 'ಅಲಕ್ಷ್ಯ' ಎಂದು ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಅದೇ ಪ್ರಯೋಗಾಲಯದ ಬೀರುವಿನಲ್ಲಿ ಮೇಲಿನ ತರಗತಿಗಳಿಗೆಂದು ಪಿ.ಎಚ್. ಮಾಪಕವೂ ವಾಹಕತಾ ಮಾಪಕವೂ ಇರುತ್ತವೆ. ಅವನ್ನು ಹೊರತೆಗೆದರೆ ಅಂತ್ಯಬಿಂದುವನ್ನು ಅಂಕಿಯಲ್ಲಿಯೇ ಓದಬಹುದು. ಬೀಗದ ಕೈ ಯಾರ ಬಳಿ ಇದೆಯೆಂಬುದೇ ಸಮಸ್ಯೆ! ಅಂಗವಿಕಲರಿಗೆ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡಾ 5 ಸ್ಥಾನ ಮೀಸಲಿಡಬೇಕೆಂದು 2016ರ ಕಾಯಿದೆ ಸರಕಾರಿ ಮತ್ತು ಅನುದಾನಿತ ಸಂಸ್ಥೆಗಳಿಗೆ ವಿಧಿಸಿದೆ. ಸ್ಥಾನ ಸಿಕ್ಕಿ, ಗಾಲಿಕುರ್ಚಿಯಲ್ಲಿ ಬಂದವಳಿಗೆ ಪ್ರಯೋಗದ ಮೇಜು ಎದೆಗಿಂತ ಎತ್ತರವಿದ್ದರೆ ಆ ಮೀಸಲಿಗೆ ಅರ್ಥವೇನು?

ಹೊರನಾಡ ಕನ್ನಡಿಗರಾದ ನಮಗೆ ಇಲ್ಲಿ ಒಬ್ಬ ಹಿರಿಯರ ನೆನಪು ಸಹಜವಾಗಿಯೇ ಬರುತ್ತದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥನವದು. ಲ್ಯಾಟಿನ್ ಹೆಸರು, ಊರ ಹೆಸರು, ಹಾಸ್ಯ ಎಲ್ಲವೂ ಅಲ್ಲಿ ಒಂದೇ ಬುಟ್ಟಿಯಲ್ಲಿವೆ. ಪಾಂಡಿತ್ಯ ಕಿಂಚಿತ್ತೂ ಇಳಿದಿಲ್ಲ, ಓದುಗನಿಗೆ ಗಿಡದ ಭಯ ಮಾತ್ರ ಹೋಗುತ್ತದೆ. ಮಟ್ಟ ಕುಸಿಯುತ್ತದೆಂದು ಗಾಬರಿಗೊಳ್ಳುವ ನನ್ನ ಸಹೋದ್ಯೋಗಿಗಳಿಗೆ ಈ ಪುಸ್ತಕವನ್ನು ಕೊಡುತ್ತ ಬಂದಿದ್ದೇನೆ. ಕನ್ನಡ ಓದಬಲ್ಲವರಿಗೆ ಮಾತ್ರ, ಎನ್ನಿ.

ಇನ್ನು ಸಂಘದ ಮುಂದೆ ನನ್ನ ಕೋರಿಕೆ. ಭಾನುವಾರ ಬೆಳಿಗ್ಗೆ ನಮ್ಮ ವಾಚನಾಲಯದ ಹಿಂದಿನ ಕೋಣೆ ಖಾಲಿ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಕಾಲೇಜಿನ ಮೊದಲ ನಾಲ್ಕು ತಿಂಗಳು ಅದನ್ನು ನನಗೆ ಬಿಟ್ಟುಕೊಡಿ. ಭೌತಶಾಸ್ತ್ರಕ್ಕೆ ಒಬ್ಬರು, ಗಣಿತಕ್ಕೆ ಒಬ್ಬರು ನಿವೃತ್ತ ಅಧ್ಯಾಪಕರು ಈ ಸಭೆಯಲ್ಲೇ ಕುಳಿತಿದ್ದಾರೆ. ತಲೆ ತಗ್ಗಿಸಿಕೊಂಡರೂ ನನಗೆ ಕಾಣಿಸುತ್ತಿದ್ದಾರೆ. ರಸಾಯನಶಾಸ್ತ್ರದ ಇನ್ನೂರು ಪದಗಳ ಕನ್ನಡ-ಇಂಗ್ಲಿಷ್ ಪಟ್ಟಿಯನ್ನು ನಾನು ಬರೆದು ತಂದಿದ್ದೇನೆ. ಮೊದಲ ಪದ 'ಸಾರರಿಕ್ತ'. ಪಟ್ಟಿ ಕಾರ್ಯದರ್ಶಿಗಳ ಮೇಜಿನ ಮೇಲಿದೆ, ತಪ್ಪಿದ್ದಲ್ಲಿ ತಿದ್ದಿಕೊಡಿ.