ಬರೆದ ನಿಯಮ, ಬರೆಯದ ನಿಯಮ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ನಾವು ಆರ್ಟ್ಸ್ ಓದಿದವರು. ಪದ್ಯ ಬರೆದುಕೊಂಡು ತಿರುಗುವವರು. ಇಂಥವರನ್ನ ಕರೆದು ವಿಜ್ಞಾನದ ಯಂತ್ರದ ಬಗ್ಗೆ ಮಾತಾಡಿ ಅಂದರೆ ಇವರೇನು ಮಾತಾಡಿಯಾರು ಅಂತ ನಿಮಗೆ ಅನುಮಾನ ಬರೋದು ಸಹಜ. ನಮಗೂ ಬಂದಿತ್ತು. ಆದರೆ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿ ನಾಲ್ಕು ಜನ ಮಲಗ್ತೀವಿ. ಒಬ್ಬ ಕನ್ನಡ, ಒಬ್ಬ ಇತಿಹಾಸ, ಒಬ್ಬ ಕಾನೂನು, ಇನ್ನೊಬ್ಬ ಸಸ್ಯಶಾಸ್ತ್ರದಲ್ಲಿ ಸಂಶೋಧನೆ. ಅವನ ಕಷ್ಟ ರಾತ್ರಿ ನಮ್ಮ ಚಾಪೆಗೂ ಬರುತ್ತೆ. ಹಾಗೆ ನಮ್ಮ ಚಾಪೆವರೆಗೆ ಬಂದ ಒಂದು ಯಂತ್ರದ ಕಥೆ ಇವತ್ತು ಹೇಳ್ತೀವಿ.

ಯಂತ್ರದ ಹೆಸರು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಬಳಸುವವರು 'ಸೆಮ್' ಅಂತ ಕರೀತಾರೆ. ನಾವು ಪಿಯುಸಿ ಲ್ಯಾಬಿನಲ್ಲಿ ಒಂದು ಕಣ್ಣು ಮುಚ್ಚಿ ನೋಡಿದ ಮೈಕ್ರೋಸ್ಕೋಪು ಬೆಳಕಿನಿಂದ ನೋಡುತ್ತೆ. ಸಾವಿರ, ಒಂದೂವರೆ ಸಾವಿರ ಪಟ್ಟು ದೊಡ್ಡದು ಮಾಡೋದರೊಳಗೆ ಅದರ ಶಕ್ತಿ ಮುಗಿಯುತ್ತೆ. ಸೆಮ್ ಬೆಳಕನ್ನೇ ಬಳಸೋದಿಲ್ಲ. ಎಲೆಕ್ಟ್ರಾನುಗಳ ಸೂಜಿಯಂಥ ಧಾರೆಯೊಂದನ್ನು ವಸ್ತುವಿನ ಮೇಲೆ ಹರಿಸುತ್ತೆ. ಆ ಧಾರೆ ಹೊಲದಲ್ಲಿ ನೇಗಿಲು ಹೋದ ಹಾಗೆ ಸಾಲು ಸಾಲಾಗಿ ಹೋಗುತ್ತೆ. ಒಂದು ಸಾಲು ಮುಗಿದ ಮೇಲೆ ಪಕ್ಕದ ಸಾಲು. ಪ್ರತಿ ಬಿಂದುವಿನಿಂದ ಎಷ್ಟು ಎಲೆಕ್ಟ್ರಾನು ಚಿಮ್ಮಿ ಬಂತು ಅಂತ ಲೆಕ್ಕ ಹಿಡಿದು ಪರದೆ ಮೇಲೆ ಚಿತ್ರ ಕಟ್ಟುತ್ತೆ. ಇದನ್ನೇ ಸ್ಕ್ಯಾನ್ ಮಾಡೋದು ಅನ್ನುತ್ತಾರೆ. ಲಕ್ಷ ಪಟ್ಟು ಹಿಗ್ಗಿಸಿ ನೋಡಬಹುದು. ಇಂಗ್ಲೆಂಡಿನ ಕೇಂಬ್ರಿಜ್ ಇನ್‌ಸ್ಟ್ರುಮೆಂಟ್ ಕಂಪನಿ 1965ರಲ್ಲಿ ಈ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಇವತ್ತು ಒಳ್ಳೆಯ ಸೆಮ್ ಒಂದಕ್ಕೆ ಕೋಟಿ ರೂಪಾಯಿ ದಾಟುತ್ತೆ.

ಕೋಟಿ ಬೆಲೆಯ ಯಂತ್ರವನ್ನು ಒಂದೊಂದು ಡಿಪಾರ್ಟ್‌ಮೆಂಟಿಗೆ ಒಂದೊಂದು ತಂದು ಇಡೋಕ್ಕಾಗಲ್ಲ. ಅದಕ್ಕೇ ಒಂದು ಕಡೆ ಇಟ್ಟು ಎಲ್ಲರೂ ಬಳಸಬೇಕು ಅನ್ನೋ ಏರ್ಪಾಡು ಬಂತು. 1970ರ ದಶಕದಲ್ಲೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇಂಥ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ಶುರುಮಾಡಿತು. ಅವನ್ನು ಈಗ ಸೈಫ್ ಅಂತ ಕರೀತಾರೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಅಂಥದೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಹೊರಗಿನವರೂ ಬಂದು ಬಳಸಬಹುದಾದ ಯಂತ್ರಗಳಿವೆ. 2020ರ ಜನವರಿಯಲ್ಲಿ ಐ-ಸ್ಟೆಮ್ ಅನ್ನುವ ಜಾಲತಾಣ ಶುರುವಾಯಿತು. ಸರ್ಕಾರಿ ದುಡ್ಡಿನಲ್ಲಿ ಕೊಂಡ ಯಾವ ಯಂತ್ರ ಯಾವ ಊರಿನಲ್ಲಿದೆ ಅಂತ ಅಲ್ಲಿ ಹುಡುಕಿ, ಅಲ್ಲಿಂದಲೇ ಸರದಿಗೆ ಅರ್ಜಿ ಹಾಕಬಹುದು. 2022ರಲ್ಲಿ ಅದೇ ಇಲಾಖೆ 'ಶ್ರೀಮಾನ್' ಅನ್ನುವ ಮಾರ್ಗಸೂಚಿ ತಂದಿತು. ಸಾರ್ವಜನಿಕ ಹಣದ ಉಪಕರಣಗಳನ್ನು ಹಂಚಿಕೊಂಡು ಬಳಸಬೇಕು ಅನ್ನೋದೇ ಅದರ ತಿರುಳು.

ಸಾರ್ವಜನಿಕ ಹಣ ಅಂದರೆ ಯಾರ ಹಣ? ನಮ್ಮಪ್ಪ ಸೇದುವ ಬೀಡಿಯ ಮೇಲಿನ ತೆರಿಗೆ, ನಮ್ಮವ್ವ ಕೊಳ್ಳುವ ಬೆಂಕಿಪೊಟ್ಟಣದ ಮೇಲಿನ ತೆರಿಗೆ. ಆ ಯಂತ್ರದ ಒಂದು ಮೊಳೆಯಾದರೂ ನಮ್ಮ ಹಟ್ಟಿಯ ದುಡ್ಡಿನದು. ಇದನ್ನು ನೆನಪಿನಲ್ಲಿಟ್ಟುಕೊಂಡೇ ಆ ಬಾಗಿಲಿಗೆ ಹೋಗಬೇಕು.

ಈಗ ನಮ್ಮ ಗೆಳೆಯನ ಕಥೆ. ಅವನ ಸಂಶೋಧನೆ ರಾಗಿಯ ಮೇಲೆ. ಕಾಳಿನೊಳಗೆ ಪಿಷ್ಟದ ಕಣಗಳು ಹೇಗೆ ಕೂತಿವೆ ಅಂತ ನೋಡಬೇಕಿತ್ತು. ವಿಶ್ವವಿದ್ಯಾಲಯದ ಹೆಸರು ಬೇಡ. ಅವನು ಉಪಕರಣ ಕೇಂದ್ರಕ್ಕೆ ಮೊದಲ ದಿನ ಹೋದ. ಗೈಡ್ ಸಹಿ ಇದೆ, ಮುಖ್ಯಸ್ಥರ ಸಹಿ ಇಲ್ಲ ಅಂದರು. ಸರಿ, ಹಾಕಿಸಿಕೊಂಡು ಹೋದ. ಮಿಷನ್ ರಿಪೇರಿ ಅಂದರು. ಮೂರನೇ ಸಲ ಹೋದಾಗ 'ಯಾವೂರು? ಯಾರ ಕಡೆಯವನು?' ಅಂದರು. ನಾಲ್ಕನೇ ಸಲ, 'ನಮ್ಮ ಹುಡುಗರದೆಲ್ಲ ಮುಗೀಲಿ, ಆಮೇಲೆ ನೋಡೋಣ' ಅಂದರು. ನಾಲ್ಕು ಸಲವೂ ಬಾಯಿಮಾತು. ಒಂದು ಚೀಟಿ ಇಲ್ಲ, ಒಂದು ದಿನಾಂಕ ಇಲ್ಲ. ಅವನು ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಬೇರೆ ವಿಷಯ ತಗೋತೀನಿ ಅಂದ.

ಐದನೇ ಸಲ ನಾವು ಮೂವರೂ ಜೊತೆಗೆ ಹೋದೆವು. ಜಗಳಕ್ಕೆ ಹೋಗಲಿಲ್ಲ. ಬಾಗಿಲ ಪಕ್ಕದಲ್ಲಿ ಗಾಜಿನೊಳಗೆ ಒಂದು ನೋಟೀಸು ತೂಗುಹಾಕಿದ್ದರು. ಅದನ್ನು ನಿಂತು ಓದಿದೆವು. ಹೊರ ವಿಭಾಗದವರಿಗೆ ವಾರದಲ್ಲಿ ಎರಡು ದಿನ ಮೀಸಲು, ಅರ್ಜಿ ಬಂದ ಕ್ರಮದಲ್ಲೇ ಸರದಿ ಅಂತ ಅದರಲ್ಲಿ ಅಚ್ಚಾಗಿತ್ತು. ನಾಲ್ಕು ಸಲ ಆ ಗಾಜಿನ ಮುಂದೆಯೇ ಹಾದುಹೋಗಿದ್ದ ನಮ್ಮ ಗೆಳೆಯ. ಓದಿರಲಿಲ್ಲ. ಯಾಕೆ ಓದಿರಲಿಲ್ಲ? ನೋಟೀಸು ಅಂದರೆ ನಮ್ಮನ್ನು ಹೊರಗೆ ಹಾಕೋಕೆ ಬರೆದದ್ದು ಅನ್ನೋ ಅಂಜಿಕೆ ನಮ್ಮ ರಕ್ತದಲ್ಲಿದೆ. ಆವತ್ತು ಆ ನೋಟೀಸೇ ನಮ್ಮ ಕಡೆಯ ಸಾಕ್ಷಿಯಾಯಿತು. ಅರ್ಜಿ ಬರೆದೆವು, ನಕಲಿನ ಮೇಲೆ ಸ್ವೀಕೃತಿ ಸೀಲು ಕೇಳಿದೆವು. ಸೀಲು ಬಿದ್ದ ಮೂರನೇ ದಿನ ಸರದಿ ಬಂತು.

ಇಲ್ಲಿಗೆ ಮುಗಿಸಿದರೆ ನೀವು ಚಪ್ಪಾಳೆ ಹೊಡೀತೀರಿ. ಆದರೆ ಮುಂದಿನದೂ ಹೇಳಬೇಕು.

ಸರದಿಯ ದಿನ ಅವನು ರಾಗಿ ಹಿಟ್ಟನ್ನು ಪೊಟ್ಟಣ ಕಟ್ಟಿಕೊಂಡು ಹೋದ. ಮನೆಯಿಂದ ತಂದದ್ದು, ಮಳೆಗಾಲದ ತೇವ ಅದರಲ್ಲಿತ್ತು. ಹಿಟ್ಟನ್ನು ಅಂಟುಪಟ್ಟಿಯ ಮೇಲೆ ರಾಶಿ ಸುರಿದ. ಯಂತ್ರ ಗಾಳಿ ಎಳೆಯೋಕೆ ಶುರುಮಾಡಿತು. ಎಷ್ಟು ಹೊತ್ತಾದರೂ ನಿರ್ವಾತ ನಿಲ್ಲಲಿಲ್ಲ. ಆಪರೇಟರು ಯಂತ್ರ ನಿಲ್ಲಿಸಿ, ಮಾದರಿ ಹೊರಗೆ ತೆಗೆದು ಬೈದರು. 'ಫಾರಂ ಹಿಂದೆ ಬರೆದದ್ದು ಓದಿಲ್ವೇನಯ್ಯಾ? ಈ ಪುಡಿ ಮೇಲಕ್ಕೆ ಹೋಗಿ ಕೂತಿದ್ರೆ ತಿಂಗಳುಗಟ್ಟಲೆ ಯಾರಿಗೂ ಕೆಲಸ ಇಲ್ಲ' ಅಂದರು. ನಮಗೆ ಸಿಟ್ಟು ಬಂತು. ರಾತ್ರಿ ಕೂತು ಫಾರಂ ಹಿಂದಿನದು ಓದಿದ ಮೇಲೆ ಗೊತ್ತಾಯಿತು. ಆ ದಿನ ಅವರು ಬೈದದ್ದು ಸರಿಯಾಗಿತ್ತು.

ಗೆಳೆಯರೇ, ನಾವು ಕಲಿತದ್ದು ಇದೇ. ಆ ಬಾಗಿಲಲ್ಲಿ ಎರಡು ಥರದ ನಿಯಮಗಳಿವೆ. ಒಂದಕ್ಕೆ ಕಾರಣ ಇದೆ, ಇನ್ನೊಂದಕ್ಕೆ ಇಲ್ಲ. ಎರಡನ್ನೂ ಒಂದೇ ಅಂತ ತಿಳಿದು ಎರಡಕ್ಕೂ ತಲೆಬಾಗಿದರೆ ಗುಲಾಮರಾಗ್ತೀವಿ. ಎರಡನ್ನೂ ಒಂದೇ ಅಂತ ತಿಳಿದು ಎರಡನ್ನೂ ಮುರಿದರೆ ನಮ್ಮ ಹಿಂದೆ ನಿಂತಿರುವ ಇನ್ನೊಬ್ಬ ಬಡವನ ಸರದಿಯನ್ನೇ ಹಾಳು ಮಾಡ್ತೀವಿ.

ಕಾರಣ ಇರುವ ನಿಯಮಗಳು ಯಾವುವು ನೋಡೋಣ.

ಒಳಗೆ ಹೋಗುವ ವಸ್ತು ಒಣಗಿರಬೇಕು. ಯಾಕೆಂದರೆ ಎಲೆಕ್ಟ್ರಾನು ಗಾಳಿಯಲ್ಲಿ ದೂರ ಹೋಗಲಾರದು, ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ಚೆದುರಿಹೋಗುತ್ತೆ. ಅದಕ್ಕೆ ಒಳಗಿನ ಗಾಳಿಯನ್ನೆಲ್ಲ ಎಳೆದು ಖಾಲಿ ಮಾಡಬೇಕು. ತೇವ ಇದ್ದರೆ ಅದು ಆವಿಯಾಗುತ್ತಲೇ ಇರುತ್ತೆ, ಖಾಲಿ ಆಗೋದೇ ಇಲ್ಲ. ಪುಡಿಯಾದರೆ ತೆಳ್ಳಗೆ ಅಂಟಿಸಿ, ಅಂಟದೆ ಉಳಿದದ್ದನ್ನು ಊದಿ ತೆಗೆಯಬೇಕು. ಅಯಸ್ಕಾಂತಕ್ಕೆ ಅಂಟುವ ಪುಡಿಯಾದರೆ ಮೊದಲೇ ತಿಳಿಸಬೇಕು. ಯಂತ್ರದ ಮಸೂರವೇ ವಿದ್ಯುತ್ ಅಯಸ್ಕಾಂತ, ಪುಡಿಯನ್ನು ಎಳೆದುಕೊಂಡುಬಿಡುತ್ತೆ. ಮಾದರಿಯ ಎತ್ತರವನ್ನು ಸರಿಯಾಗಿ ಅಳೆದು ಬರೆಯಬೇಕು. ಎತ್ತರ ತಪ್ಪಿ ಮೇಲಕ್ಕೇರಿಸಿದರೆ ಮಸೂರದ ತುದಿಗೆ ಬಡಿದು ಲಕ್ಷಗಟ್ಟಲೆ ನಷ್ಟ.

ವಿದ್ಯುತ್ ಹರಿಯದ ವಸ್ತುವಿನ ಮೇಲೆ ಎಲೆಕ್ಟ್ರಾನು ಬಿದ್ದು ಬಿದ್ದು ಗುಡ್ಡೆಯಾಗುತ್ತೆ, ಚಿತ್ರ ಬೆಳ್ಳಗೆ ಉರಿದುಹೋಗುತ್ತೆ. ಅದಕ್ಕೇ ಮೇಲೆ ಚಿನ್ನದ ಲೇಪ ಕೊಡ್ತಾರೆ. ತಲೆಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ತೆಳು ಲೇಪ. ನಮ್ಮ ರಾಗಿಗೂ ಒಂದು ಚಿನ್ನದ ಅಂಗಿ ಬಿತ್ತು ನೋಡಿ!

ಇನ್ನು ಗ್ಲೌಸು. ಮಾದರಿಯನ್ನು, ಅದನ್ನಿಡುವ ಬಿಲ್ಲೆಯನ್ನು ಬರಿಗೈಯಲ್ಲಿ ಮುಟ್ಟಬಾರದು. 'ಮುಟ್ಟಬಾರದು' ಅನ್ನೋ ಮಾತು ಕೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತೆ. ನೆಟ್ಟಗಾಗಲೇಬೇಕು. ಆದರೆ ಇದನ್ನು ವಿಚಾರ ಮಾಡಿ ನೋಡಿ. ಬೆರಳಿನ ಜಿಡ್ಡು ನಿರ್ವಾತದಲ್ಲಿ ಆವಿಯಾಗಿ ಯಂತ್ರದ ಒಳಮೈಗೆ ಅಂಟುತ್ತೆ. ಕುಲಪತಿಯ ಬೆರಳಿನ ಜಿಡ್ಡೂ ಅಂಟುತ್ತೆ, ಕಸ ಗುಡಿಸುವವರ ಬೆರಳಿನ ಜಿಡ್ಡೂ ಅಂಟುತ್ತೆ. ಯಂತ್ರಕ್ಕೆ ಯಾರ ಗೋತ್ರವೂ ಗೊತ್ತಿಲ್ಲ. ಇಂಥ ನಿಯಮವನ್ನು ಕಣ್ಣಿಗೊತ್ತಿಕೊಂಡು ಪಾಲಿಸೋಣ. ನಿಯಮ ಎಲ್ಲರ ಕೈಗೂ ಒಂದೇ ಆಗಿದ್ದರೆ ಅದು ಮಡಿ ಅಲ್ಲ, ವಿಜ್ಞಾನ.

ಸರದಿಗೂ ಕಾರಣದ ನಿಯಮಗಳಿವೆ. ಬರೋಕ್ಕಾಗದಿದ್ದರೆ ಮುಂಚೆಯೇ ತಿಳಿಸಬೇಕು. ನಿಮ್ಮ ಹೆಸರಿನ ಸರದಿಯಲ್ಲಿ ಬೇರೆಯವರ ಮಾದರಿ ಇಡಬಾರದು. ತರಬೇತಿ ಮುಗಿಸಿ, ಎದುರಿಗೆ ನಡೆಸಿ ತೋರಿಸಿದ ಮೇಲೇ ಒಬ್ಬರೇ ಯಂತ್ರ ಮುಟ್ಟಬೇಕು. ಪಾಸ್‌ವರ್ಡ್ ಯಾರಿಗೂ ಕೊಡಬಾರದು, ತಮ್ಮನಂಥ ಗೆಳೆಯನಿಗೂ. ವೈರಸ್ ಬರುತ್ತೆ ಅಂತ ಎಷ್ಟೋ ಕಡೆ ಪೆನ್‌ಡ್ರೈವ್ ಬಿಡೋದಿಲ್ಲ. ಚಿತ್ರಗಳನ್ನು ಅವರು ಹೇಳಿದ ದಾರಿಯಲ್ಲೇ ತಂದು ಬೇಗ ಎರಡು ಕಡೆ ಇಟ್ಟುಕೊಳ್ಳಬೇಕು. ಪ್ರಬಂಧ ಅಚ್ಚಾದಾಗ ಕೇಂದ್ರಕ್ಕೆ ಕೃತಜ್ಞತೆ ಬರೆಯಬೇಕು.

ಎಲ್ಲಕ್ಕಿಂತ ಮುಖ್ಯ ಲಾಗ್‌ಬುಕ್. ಯಾರು, ಯಾವಾಗ ಕೂತರು, ಯಾವಾಗ ಎದ್ದರು, ಏನು ಕೆಟ್ಟಿತ್ತು, ಎಲ್ಲ ಅದರಲ್ಲಿ ಬರೆಯಬೇಕು. ಕೂರುವ ಮುಂಚೆ ಹಿಂದಿನ ಪುಟ ಓದಿ. ಮೊದಲೇ ಕೆಟ್ಟಿದ್ದರೆ ಬರೆದು ಸಹಿ ಹಾಕಿ ಕೂರಿ. ಇಲ್ಲದಿದ್ದರೆ ಯಾರೋ ಕೆಡಿಸಿದ್ದು ನಮ್ಮ ತಲೆಗೆ ಬರುತ್ತೆ. ನಮ್ಮ ತಲೆಗೆ ಬರೋದು ಎಷ್ಟು ಸುಲಭ ಅಂತ ನಿಮಗೆ ಹೇಳಬೇಕಾಗಿಲ್ಲ. ಯಂತ್ರ ರಿಪೇರಿ ಅಂದ ದಿನ ಯಾರು ಕೂತಿದ್ದರು ಅನ್ನೋದನ್ನೂ ಅದೇ ಪುಸ್ತಕ ಹೇಳುತ್ತೆ.

ಕಾರಣ ಇಲ್ಲದ ನಿಯಮಗಳು ಎಲ್ಲೂ ಬರೆದಿರೋದಿಲ್ಲ. 'ಯಾರ ಕಡೆಯವನು' ಅನ್ನೋದು ಯಾವ ಫಾರಮಿನಲ್ಲೂ ಇಲ್ಲ. 'ನಾಳೆ ಬಾ' ಅನ್ನೋದು ಯಾವ ನೋಟೀಸಿನಲ್ಲೂ ಇಲ್ಲ. ಇವು ಬಾಯಲ್ಲಿ ಹುಟ್ಟಿ ಗಾಳಿಯಲ್ಲಿ ಸಾಯ್ತವೆ. ಅದಕ್ಕೆ ಇವನ್ನು ಎದುರಿಸುವ ದಾರಿ ಒಂದೇ: ಬರೆದುಕೊಡಿ ಅಂತ ಕೇಳೋದು. ಬರೆಯೋಕೆ ಹೋದ ಪೆನ್ನು ಎಷ್ಟೋ ಸಲ ಅಲ್ಲೇ ನಿಲ್ಲುತ್ತೆ.

ಅದಕ್ಕೂ ಬಗ್ಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಆದ್ದರಿಂದ ಬೈಗುಳಕ್ಕೆ ಪದ ಖರ್ಚು ಮಾಡಬೇಡಿ. 'ಇಂಥ ತಿಂಗಳ ಲಾಗ್‌ಬುಕ್ಕಿನ ನಕಲು ಕೊಡಿ' ಅನ್ನೋ ಒಂದು ಸಾಲು ಸಾಕು.

ಬಾಬಾಸಾಹೇಬರ ಮಹಾಡ್ ನಿಮಗೆಲ್ಲ ಗೊತ್ತು. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ 1923ರಲ್ಲೇ ಮುಂಬಯಿ ಶಾಸನ ಪರಿಷತ್ತು ಠರಾವು ಮಾಡಿತ್ತು. 1924ರಲ್ಲಿ ಮಹಾಡಿನ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು, ನೀರು ಮಾತ್ರ ಸಿಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಜನ ನಡೆದುಹೋಗಿ ಬೊಗಸೆಯೊಡ್ಡಿದ ಮೇಲೇ ಆ ಕಾಗದಕ್ಕೆ ಜೀವ ಬಂತು. ಬರೆದ ನಿಯಮವನ್ನು ಬಳಸುವವರು ಬೇಕು. ಬಳಸದಿದ್ದರೆ ಅದು ಗಾಜಿನೊಳಗೆ ಹಳದಿಯಾಗುತ್ತೆ.

ದುಡ್ಡಿನ ಮಾತು ಸಣ್ಣದಾಗಿ ಹೇಳಿಬಿಡ್ತೀವಿ. ಸಾಮಾನ್ಯವಾಗಿ ಮೂರು ದರ ಇರುತ್ತೆ: ಒಳಗಿನ ವಿದ್ಯಾರ್ಥಿಗೆ ಕಡಿಮೆ, ಹೊರಗಿನ ಕಾಲೇಜಿನವರಿಗೆ ಸ್ವಲ್ಪ ಹೆಚ್ಚು, ಕಂಪನಿಯವರಿಗೆ ಎಲ್ಲಕ್ಕಿಂತ ಹೆಚ್ಚು. ಗಂಟೆ ಲೆಕ್ಕವೋ ಮಾದರಿ ಲೆಕ್ಕವೋ ಮೊದಲೇ ಕೇಳಿ. ಚಿನ್ನದ ಲೇಪಕ್ಕೆ ಬೇರೆ ಕೊಡಬೇಕಾ ಅದನ್ನೂ ಕೇಳಿ. ಫೆಲೋಶಿಪ್ ಜೊತೆ ಬರುವ ಕಂಟಿಂಜೆನ್ಸಿ ಹಣದಲ್ಲಿ ಇದನ್ನು ಹಾಕಬಹುದಾ ಅಂತ ಗೈಡನ್ನು ಕೇಳಿ, ರಸೀದಿ ಇಟ್ಟುಕೊಳ್ಳಿ. ಕೇಳೋಕೆ ನಾಚಿಕೆ ಬೇಡ.

ನಮ್ಮ ಗೆಳೆಯ ಹಿಟ್ಟನ್ನು ಒಣಗಿಸಿ, ಚಿಟಿಕೆಯಷ್ಟನ್ನು ಮಾತ್ರ ಅಂಟಿಸಿ ಮತ್ತೆ ಹೋದ. ಮೊದಲು ಬೈದಿದ್ದ ಆಪರೇಟರೇ ಪಕ್ಕದಲ್ಲಿ ಕೂತು ಫೋಕಸ್ ಮಾಡೋದು ಹೇಳಿಕೊಟ್ಟರು. ಚಿತ್ರ ಬಂತು. ಮೂಲೆ ಮೂಲೆಯ ಪಿಷ್ಟದ ಕಣಗಳು ಕಲ್ಲುಕಟ್ಟಡದ ಹಾಗೆ ಒತ್ತಿಕೊಂಡು ಕೂತಿದ್ದವು. ಅದನ್ನು ಮೆಸ್ಸಿನ ಗೋಡೆಗೆ ಅಂಟಿಸಿದೆವು. ಅಡಿಗೆಯವರು ಮುದ್ದೆ ಕಟ್ಟುತ್ತಾ ನೋಡಿ, 'ಯಾವೂರ ಬಂಡೇರಪ್ಪಾ ಇದು?' ಅಂದರು. 'ನಿಮ್ಮ ಕೈಯಲ್ಲಿರೋದೇ' ಅಂದೆವು.

ಕೊನೆಗೆ ಒಂದು ಕೆಲಸ. ಪ್ರತಿ ಹಾಸ್ಟೆಲಿನಲ್ಲೂ ಒಂದು ನೋಟ್‌ಬುಕ್ ಇಡೋಣ. ನಿಮ್ಮ ಕ್ಯಾಂಪಸ್ಸಿನಲ್ಲಿ ಯಾವ ಯಂತ್ರ ಇದೆ, ಅರ್ಜಿ ಎಲ್ಲಿ ಸಿಗುತ್ತೆ, ಯಾರ ಸಹಿ ಬೇಕು, ಮಾದರಿ ಹೇಗೆ ತಯಾರಿಸಬೇಕು ಅಂತ ಹೋಗಿಬಂದವರು ಕನ್ನಡದಲ್ಲಿ ಬರೆಯಲಿ. ಮಾಡಿದ ತಪ್ಪನ್ನೂ ಬರೆಯಲಿ. ಮೊದಲ ಸಲ ಹೋಗುವವರ ಜೊತೆ ಒಬ್ಬರು ಹೋಗಲಿ. ಆರ್ಟ್ಸಿನವರಾದರೂ ಪರವಾಗಿಲ್ಲ, ನೋಟೀಸು ಓದೋಕೆ ನಮಗೆ ಬರುತ್ತೆ.

ಜೈ ಭೀಮ್.